ಹೊಸ ಕ್ಲಚ್ ಹಾಕಿಸಿದರೂ ಮತ್ತೆ ಜಾರಿತು: ಗೇರ್‌ಬಾಕ್ಸ್ ಏರಿಸುವ ಮೊದಲು ಆಯಿಲ್ ಸೀಲ್ ನೋಡಿಸಿ

ಒಂದು ಡೀಸೆಲ್ ಹ್ಯಾಚ್‌ಬ್ಯಾಕ್. ಕ್ಲಚ್ ಜಾರುತ್ತಿದೆ ಎಂದು ಗ್ಯಾರೇಜಿಗೆ ಬಿಟ್ಟಿದ್ದರು. ಎಂಜಿನ್ನಿನ ಓಟವನ್ನು ಗೇರ್‌ಬಾಕ್ಸಿಗೆ ದಾಟಿಸುವ ಪ್ಲೇಟು, ಅದನ್ನು ಸ್ಪ್ರಿಂಗಿನಿಂದ ಒತ್ತಿ ಹಿಡಿಯುವ ಕವರು, ಪೆಡಲ್ ಒತ್ತಿದಾಗ ಆ ಹಿಡಿತ ಬಿಡಿಸುವ ರಿಲೀಸ್ ಬೇರಿಂಗ್ ಮೂರನ್ನೂ ಹೊಸದಾಗಿ ಹಾಕಿ ಕೊಟ್ಟರು, ಬಿಲ್ಲಿನಲ್ಲಿ ಮೋಸವೇನೂ ಇರಲಿಲ್ಲ. ಕೆಲವೇ ತಿಂಗಳು ಕಳೆದಿತ್ತು. ಐದು ಜನ, ಡಿಕ್ಕಿ ತುಂಬ ಲಗೇಜು, ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುವಾಗ ಎಂಜಿನ್ ಕೂಗುತ್ತದೆ, ಗಾಡಿ ಏರುವುದಿಲ್ಲ. ಹಿಂದೆ ಟ್ಯಾಂಕರ್, ಲಾರಿಗಳ ಸಾಲು. ಕೊನೆಗೆ ಸಕಲೇಶಪುರಕ್ಕೆ ಎಳೆಸಿಕೊಂಡು ಬರಬೇಕಾಯಿತು.

ಗೇರ್‌ಬಾಕ್ಸ್ ಇಳಿಸಿ ನೋಡಿದರೆ ಪ್ಲೇಟಿನ ಲೈನಿಂಗ್ (ಹಿಡಿತ ಕೊಡುವ ಪದರ) ಹೊಸದರಷ್ಟೇ ದಪ್ಪ ಇದೆ. ಆದರೆ ಫ್ಲೈವೀಲ್ (ಎಂಜಿನ್ ತುದಿಯ ಭಾರದ ಚಕ್ರ, ಪ್ಲೇಟು ಒತ್ತಿಕೊಳ್ಳುವುದು ಇದಕ್ಕೇ) ಕಡೆಯ ಮುಖ ಕಪ್ಪಗೆ ಹೊಳೆಯುತ್ತಿದೆ, ಉಗುರಿನಿಂದ ಕೆರೆದರೆ ಅಂಟು ಅಂಟಾದ ಮಸಿ ಬರುತ್ತದೆ. ಫ್ಲೈವೀಲ್ ಬಿಚ್ಚಿದಾಗ ಅದರ ಹಿಂದೆ, ಕ್ರ್ಯಾಂಕ್‌ಶಾಫ್ಟಿನ (ಎಂಜಿನ್ನಿನ ಮುಖ್ಯ ತಿರುಗು ದಂಡ) ಹಿಂಬದಿಯಲ್ಲಿ ಎಣ್ಣೆ ಹೊರಬರದಂತೆ ತಡೆಯುವ ಆಯಿಲ್ ಸೀಲ್ ಸುತ್ತ ಎಂಜಿನ್ ಆಯಿಲ್ ಒಸರಿ ಕೆಳಗಿಳಿದ ಗೆರೆ. ಹಳೆಯ ಪ್ಲೇಟನ್ನು ಕೊಂದದ್ದೂ ಇದೇ ಸೀಲು. ಮೊದಲ ಸಲ ಯಾರೂ ಫ್ಲೈವೀಲ್ ಬಿಚ್ಚಿರಲಿಲ್ಲ, ಅಷ್ಟೇ. ಕ್ಲಚ್ ಸೆಟ್ಟಿನ ಬೆಲೆಯ ಮುಂದೆ ಸೀಲಿನ ಬೆಲೆ ಲೆಕ್ಕಕ್ಕೇ ಬರುವುದಿಲ್ಲ. ಆದರೆ ಗೇರ್‌ಬಾಕ್ಸ್ ಇಳಿಸಿ ಏರಿಸುವ ಕೂಲಿ ಎರಡು ಸಲ, ಕ್ಲಚ್ ಸೆಟ್ಟೂ ಎರಡು ಸಲ. ಇಂಥ ಕೇಸುಗಳು ಗ್ಯಾರೇಜುಗಳಿಗೆ ಮತ್ತೆ ಮತ್ತೆ ಬರುತ್ತವೆ, ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿರುವುದು.

ಮೊದಲು ಜಾರುತ್ತಿರುವುದು ನಿಜವಾಗಿ ಕ್ಲಚ್ಚೇ ಎಂದು ಖಾತ್ರಿ ಮಾಡಿಕೊಳ್ಳಿ. "ಪಿಕಪ್ ಇಲ್ಲ" ಎಂಬ ದೂರಿಗೆಲ್ಲ ಕ್ಲಚ್ ಬದಲಿಸುವವರಿದ್ದಾರೆ. ಏರ್ ಫಿಲ್ಟರ್ ಕಟ್ಟಿದ್ದರೆ, ಟರ್ಬೊ ಹೋಸ್ ಬಿರುಕು ಬಿಟ್ಟಿದ್ದರೆ, ಬ್ರೇಕ್ ಹಿಡಿದುಕೊಂಡಿದ್ದರೆ ಗಾಡಿಯೂ ಎಳೆಯುವುದಿಲ್ಲ, ಆರ್‌ಪಿಎಂ ಕೂಡ ಏರುವುದಿಲ್ಲ. ಕ್ಲಚ್ ಜಾರಿದರೆ ಆರ್‌ಪಿಎಂ ಮುಳ್ಳು ಮೇಲೆ ಓಡುತ್ತದೆ, ಸ್ಪೀಡ್ ಮುಳ್ಳು ಇದ್ದಲ್ಲೇ ಇರುತ್ತದೆ. ಗೇರ್ ಬೀಳುವಾಗ ಕರಕರ ಎನ್ನುವುದು, ರಿವರ್ಸ್ ಕಷ್ಟಪಟ್ಟು ಬೀಳುವುದು ಇದಕ್ಕೆ ಉಲ್ಟಾ ರೋಗ, ಅಲ್ಲಿ ಕ್ಲಚ್ ಪೂರ್ತಿ ಬಿಡುತ್ತಿಲ್ಲ.

ಪರೀಕ್ಷೆ ಹೀಗೆ. ಎಂಜಿನ್ ಬಿಸಿಯಾದ ಮೇಲೆ, ಖಾಲಿ ಇರುವ ಸಮತಟ್ಟು ರಸ್ತೆಯಲ್ಲಿ ನಾಲ್ಕನೇ ಗೇರಿನಲ್ಲಿ ಸುಮಾರು 2000 ಆರ್‌ಪಿಎಂನಲ್ಲಿ ಹೋಗುತ್ತಾ ಆಕ್ಸಿಲರೇಟರ್ ಪೂರ್ತಿ ಒತ್ತಿ. ಮುಳ್ಳು ಒಮ್ಮೆಲೇ 500ರಿಂದ 1000 ಆರ್‌ಪಿಎಂ ಜಿಗಿದು ವೇಗ ಹಿಂದೆ ಉಳಿದರೆ ಕ್ಲಚ್ ಜಾರುತ್ತಿದೆ. ಇದು ಮೇಲಿನ ಗೇರುಗಳಲ್ಲೇ ಮೊದಲು ಗೊತ್ತಾಗಲು ಕಾರಣವಿದೆ. ಒಂದನೇ ಗೇರಿನಲ್ಲಿ ಗಾಡಿ ಸಲೀಸಾಗಿ ಮುಂದೆ ಓಡುವುದರಿಂದ ಎಂಜಿನ್ನಿನ ಪೂರ್ತಿ ಟಾರ್ಕು (ತಿರುಗಿಸುವ ಬಲ) ಕ್ಲಚ್ ಮೇಲೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ನಾಲ್ಕು, ಐದರಲ್ಲಿ ನಿಲ್ಲುತ್ತದೆ. ನಿಂತ ಗಾಡಿಯಲ್ಲೂ ನೋಡಬಹುದು: ಎದುರಿಗೆ ಯಾರೂ ಇರಬಾರದು, ಹ್ಯಾಂಡ್‌ಬ್ರೇಕ್ ಬಿಗಿಯಾಗಿ ಎಳೆದು, ಮೂರನೇ ಗೇರ್ ಹಾಕಿ, ಸ್ವಲ್ಪ ಆಕ್ಸಿಲರೇಟರ್ ಕೊಟ್ಟು ಕ್ಲಚ್ ನಿಧಾನ ಬಿಡಿ. ಚೆನ್ನಾಗಿರುವ ಕ್ಲಚ್ ಎಂಜಿನ್ನನ್ನು ತಕ್ಷಣ ಆಫ್ ಮಾಡಿಸುತ್ತದೆ. ಕಾಲು ಪೂರ್ತಿ ತೆಗೆದ ಮೇಲೂ ಎಂಜಿನ್ ಓಡುತ್ತಿದ್ದರೆ ಕೂಡಲೇ ಪೆಡಲ್ ಒತ್ತಿ ನಿಲ್ಲಿಸಿ. ಈ ಪರೀಕ್ಷೆ ಒಂದೇ ಸಲ ಸಾಕು, ಪದೇ ಪದೇ ಮಾಡಿದರೆ ಉಳಿದ ಪ್ಲೇಟನ್ನು ನೀವೇ ಸುಡುತ್ತೀರಿ.

ಜಾರುವುದು ಖಾತ್ರಿಯಾದ ಮೇಲೂ ಸೀದಾ ಗೇರ್‌ಬಾಕ್ಸಿಗೆ ಕೈ ಹಾಕಬೇಡಿ. ಪೆಡಲ್ ತಂತಿಯನ್ನು ಎಳೆಯುವ ಕೇಬಲ್ ಕ್ಲಚ್ ಇದ್ದರೆ ಮೊದಲು ಫ್ರೀ ಪ್ಲೇ ನೋಡಿ: ಪೆಡಲ್ಲನ್ನು ಬೆರಳಲ್ಲಿ ಒತ್ತಿದಾಗ ಗಟ್ಟಿಯಾಗುವ ಮೊದಲು ಒಂದಿಷ್ಟು ಸಡಿಲ ಇರಬೇಕು. ಎಷ್ಟು ಎಂಬುದು ಗಾಡಿಯ ಮ್ಯಾನುಯಲ್‌ನಲ್ಲಿರುತ್ತದೆ. ಲೈನಿಂಗ್ ಸವೆದಂತೆ ಕವರಿನ ಡಯಾಫ್ರಮ್ ಸ್ಪ್ರಿಂಗಿನ ಬೆರಳುಗಳು ರಿಲೀಸ್ ಬೇರಿಂಗ್ ಕಡೆಗೆ ಬರುತ್ತವೆ, ಸಡಿಲ ಕಡಿಮೆಯಾಗುತ್ತದೆ. ಸಡಿಲ ಸೊನ್ನೆಯಾದರೆ ನಿಮ್ಮ ಕಾಲು ನೆಲದ ಮೇಲಿದ್ದರೂ ಬೇರಿಂಗ್ ಸ್ಪ್ರಿಂಗನ್ನು ಒತ್ತುತ್ತಲೇ ಇರುತ್ತದೆ. ಆಗ ಒಳ್ಳೆಯ ಪ್ಲೇಟೂ ಜಾರುತ್ತದೆ. ಕೇಬಲ್ ತುದಿಯ ನಟ್ ಸಡಿಲಿಸಿದರೆ ಸರಿಹೋಗುವ ಕೆಲಸಕ್ಕೆ ಕ್ಲಚ್ ಸೆಟ್ ಹಾಕಿಸಿಕೊಂಡವರಿದ್ದಾರೆ.

ಪೆಡಲ್ಲಿನ ಒತ್ತಡವನ್ನು ಫ್ಲೂಯಿಡ್ ಸಾಗಿಸುವ ಹೈಡ್ರಾಲಿಕ್ ಕ್ಲಚ್ಚಿನಲ್ಲಿ ಈ ಹೊಂದಾಣಿಕೆ ತಾನೇ ಆಗುತ್ತದೆ. ಅಲ್ಲಿ ನೋಡಬೇಕಾದ್ದು ಪೆಡಲ್ ಬಿಟ್ಟಾಗ ಒತ್ತಡ ಇಳಿಯುತ್ತಿದೆಯೇ ಎಂಬುದು. ಫ್ಲೂಯಿಡ್ ಡಬ್ಬಿಯ ಮುಚ್ಚಳದ ಮೇಲೆ ಬರೆದಿರುವ ಡಾಟ್ 3 ಅಥವಾ ಡಾಟ್ 4 ಫ್ಲೂಯಿಡ್ ಬಿಟ್ಟು ಬೇರೆ ಎಣ್ಣೆ ಹಾಕಿದ್ದರೆ ಪೆಡಲ್ ಕಡೆಯ ಮಾಸ್ಟರ್ ಸಿಲಿಂಡರಿನ ರಬ್ಬರ್ ಊದಿಕೊಳ್ಳುತ್ತದೆ, ಫ್ಲೂಯಿಡ್ ವಾಪಸ್ ಹೋಗುವ ಸಣ್ಣ ರಂಧ್ರ ಮುಚ್ಚುತ್ತದೆ, ಕ್ಲಚ್ ಅರ್ಧ ಒತ್ತಿದ ಸ್ಥಿತಿಯಲ್ಲೇ ಉಳಿಯುತ್ತದೆ. ಫ್ಲೂಯಿಡ್ ಮಟ್ಟ ಇಳಿಯುತ್ತಾ ಹೋದರೆ, ಕ್ಲಚ್ ಕಡೆಯ ಸ್ಲೇವ್ ಸಿಲಿಂಡರ್ ಗೇರ್‌ಬಾಕ್ಸ್ ಒಳಗೇ ಇರುವ ಗಾಡಿಗಳಲ್ಲಿ, ಅದು ಪ್ಲೇಟಿನ ಮೇಲೆ ಸೋರುತ್ತಿರಬಹುದು.

ಇನ್ನು ಎಣ್ಣೆ. ಎಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವ ಜಾಗದ ಅಡಿಯನ್ನು ಟಾರ್ಚ್ ಬಿಟ್ಟು ನೋಡಿ. ಹಲವು ಗಾಡಿಗಳಲ್ಲಿ ಅಲ್ಲಿ ಸಣ್ಣ ತೂತು ಇರುತ್ತದೆ. ಬಿಳಿ ಬಟ್ಟೆಯಲ್ಲಿ ಒರೆಸಿ. ತೆಳ್ಳಗೆ ಕಪ್ಪಗಿದ್ದರೆ ಎಂಜಿನ್ ಆಯಿಲ್, ಅಂದರೆ ಕ್ರ್ಯಾಂಕಿನ ಹಿಂಬದಿ ಸೀಲ್. ದಪ್ಪಗಿದ್ದು ಗಂಧಕದ ಘಾಟು ಬಂದರೆ ಗೇರ್ ಆಯಿಲ್, ಅಂದರೆ ಇನ್‌ಪುಟ್ ಶಾಫ್ಟಿನ (ಎಂಜಿನ್ನಿನ ಓಟವನ್ನು ಗೇರ್‌ಬಾಕ್ಸಿನೊಳಗೆ ತರುವ ದಂಡ) ಸೀಲ್. ಎಣ್ಣೆ ಕುಡಿದ ಪ್ಲೇಟನ್ನು ಪೆಟ್ರೋಲಿನಲ್ಲಿ ತೊಳೆದು ಹಾಕುತ್ತೇವೆ ಎಂದರೆ ಒಪ್ಪಬೇಡಿ. ಬಿಸಿಯಾದಾಗ ಲೈನಿಂಗ್ ಒಳಗಿನ ಎಣ್ಣೆ ಮತ್ತೆ ಮೇಲೆ ಬರುತ್ತದೆ.

ಗೇರ್‌ಬಾಕ್ಸ್ ಇಳಿದ ದಿನ ನೀವು ಅಲ್ಲಿರುವುದು ಒಳ್ಳೆಯದು, ಆಗದಿದ್ದರೆ ಫೋಟೊ ಕೇಳಿ. ರಿವೆಟ್ ತಲೆಯಿಂದ ಲೈನಿಂಗ್ ಎಷ್ಟು ಎತ್ತರ ಇದೆ ಎಂದು ಅಳೆಯಬೇಕು, 0.3ರಿಂದ 0.5 ಮಿ.ಮೀ.ಗೆ ಬಂದಿದ್ದರೆ ಪ್ಲೇಟಿನ ಆಯುಷ್ಯ ಮುಗಿದಿದೆ. ಇನ್ನೂ ದಪ್ಪವಿದ್ದೂ ಜಾರಿದ್ದರೆ ಕಾರಣ ಬೇರೆ ಎಲ್ಲೋ ಇದೆ, ಅದನ್ನು ಹುಡುಕದೆ ಹೊಸ ಸೆಟ್ ಏರಿಸಬಾರದು. ಫ್ಲೈವೀಲ್ ಮೇಲೆ ನೀಲಿ ಕಲೆ ಅಥವಾ ಕೂದಲೆಳೆಯ ಬಿರುಕು ಕಂಡರೆ ತಯಾರಕರು ಕೊಟ್ಟ ಮಿತಿಯೊಳಗೆ ಲೇತಿಗೆ ಕೊಟ್ಟು ಸಮ ಮಾಡಿಸಬೇಕು ಅಥವಾ ಬದಲಿಸಬೇಕು. ಹಲವು ಡೀಸೆಲ್ ಗಾಡಿಗಳಲ್ಲಿರುವ ಡ್ಯುಯಲ್ ಮಾಸ್ ಫ್ಲೈವೀಲನ್ನು (ನಡುವೆ ಸ್ಪ್ರಿಂಗ್ ಇರುವ ಎರಡು ಚಕ್ರಗಳ ಜೋಡಿ) ಸಾಮಾನ್ಯವಾಗಿ ಲೇತಿಗೆ ಕೊಡುವಂತಿಲ್ಲ. ಪ್ಲೇಟ್ ಮಾತ್ರ ಹೊಸದು, ಕವರ್ ಹಳೆಯದು ಎಂಬ ಉಳಿತಾಯ ಬೇಡವೇ ಬೇಡ. ಒಮ್ಮೆ ಸುಟ್ಟ ಕವರಿನ ಸ್ಪ್ರಿಂಗ್ ಬಲ ಕಳೆದುಕೊಂಡಿರುತ್ತದೆ.

ಸೀಲ್ ಬದಲಿಸುವಾಗ ಎರಡು ತಪ್ಪು ಹೆಚ್ಚು. ಮೊದಲನೆಯದು, ಶಾಫ್ಟ್ ನೋಡದೆ ಸೀಲ್ ಕೂರಿಸುವುದು. ಹಳೆಯ ಸೀಲ್ ಉಜ್ಜಿದ ಜಾಗದಲ್ಲಿ ಶಾಫ್ಟಿನ ಮೇಲೆ ಗೆರೆ ಬಿದ್ದಿರುತ್ತದೆ. ಉಗುರು ಸಿಕ್ಕಿಕೊಳ್ಳುವಷ್ಟು ಆಳವಿದ್ದರೆ ಹೊಸ ಸೀಲ್ ಅದೇ ಗೆರೆಯ ಮೇಲೆ ಕೂತು ಮತ್ತೆ ಸೋರುತ್ತದೆ. ಎರಡನೆಯದು, ಮಾಮೂಲಿ ರಬ್ಬರ್ ಸೀಲಿನ ತುಟಿಗೆ ಎಣ್ಣೆ ಸವರಬೇಕು, ಪಿಟಿಎಫ್‌ಇ (ಟೆಫ್ಲಾನ್) ಸೀಲನ್ನು ಮಾತ್ರ ಒಣಗಿದಂತೆಯೇ ಕೂರಿಸಬೇಕು. ಇದನ್ನು ಅದಲು ಬದಲು ಮಾಡುತ್ತಾರೆ. ಜೊತೆಗೆ ಎಂಜಿನ್ನಿನ ಒಳಗಿನ ಅನಿಲವನ್ನು ಹೊರಬಿಡುವ ಬ್ರೀದರ್ ಪೈಪು ಕಟ್ಟಿದೆಯೇ ಎಂದೂ ನೋಡಿಸಿ. ಅದು ಕಟ್ಟಿದರೆ ಒಳಗಿನ ಒತ್ತಡ ಹೆಚ್ಚಿ ಎಷ್ಟು ಹೊಸ ಸೀಲ್ ಹಾಕಿದರೂ ಎಣ್ಣೆ ಹೊರಗೆ ತಳ್ಳುತ್ತದೆ.

ಹೊಸ ಕವರಿನ ಮುಖಕ್ಕೆ ತುಕ್ಕು ಹಿಡಿಯದಂತೆ ಎಣ್ಣೆ ಹಚ್ಚಿರುತ್ತಾರೆ, ಅದನ್ನು ಬ್ರೇಕ್ ಕ್ಲೀನರಿನಿಂದ ತೆಗೆಯಬೇಕು. ಪ್ಲೇಟು ಕೂರುವ ಶಾಫ್ಟಿನ ಹಲ್ಲುಗಳಿಗೆ, ಅಂದರೆ ಸ್ಪ್ಲೈನಿಗೆ, ಗ್ರೀಸ್ ಸವರಿದಷ್ಟು ಮಾತ್ರ. ಹೆಚ್ಚಾದರೆ ತಿರುಗುವಾಗ ಲೈನಿಂಗಿಗೆ ಸಿಡಿಯುತ್ತದೆ. ಪ್ಲೇಟಿನ ಯಾವ ಮುಖ ಫ್ಲೈವೀಲ್ ಕಡೆ ಎಂದು ಅದರ ಮೇಲೆಯೇ ಬರೆದಿರುತ್ತದೆ. ಕವರ್ ಬೋಲ್ಟುಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾ ಬಂದು ಕೊನೆಗೆ ಟಾರ್ಕ್ ರೆಂಚಿನಲ್ಲಿ ಮುಗಿಸಬೇಕು. ಆಮೇಲೆ ಮೊದಲ 500 ಕಿ.ಮೀ. ಪೂರ್ತಿ ಲೋಡು, ಘಾಟಿ ಬೇಡ.

ಘಾಟಿಯಲ್ಲೇ ಜಾರಿತೆಂದುಕೊಳ್ಳಿ. ಚಾರ್ಮಾಡಿಯೋ ಆಗುಂಬೆಯೋ, ತಿರುವಿನಲ್ಲಿ ನಿಲ್ಲಿಸಬೇಡಿ, ನೇರ ಜಾಗ ಸಿಗುವವರೆಗೆ ಕಡಿಮೆ ಆಕ್ಸಿಲರೇಟರಿನಲ್ಲಿ ಸಾಗಿ. ಹಜಾರ್ಡ್ ಲೈಟ್ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು ಅರ್ಧ ಗಂಟೆಯಾದರೂ ತಣ್ಣಗಾಗಲು ಬಿಡಿ. ಗೇರ್‌ಬಾಕ್ಸ್ ಮೇಲೆ ನೀರು ಸುರಿಯಬೇಡಿ, ಬಿಸಿ ಲೋಹ ಬಿರುಕು ಬಿಡಬಹುದು. ಹೊರಡುವಾಗ ಎಸಿ ಆಫ್, ಒಂದು ಅಥವಾ ಎರಡನೇ ಗೇರ್, ಆಕ್ಸಿಲರೇಟರ್ ಹಗುರ. ಮತ್ತೆ ಸುಟ್ಟ ವಾಸನೆ ಬಂದರೆ ಟೋಯಿಂಗ್ ಕರೆಸಿ. ಮುಂದಿನ ಚಕ್ರ ಎಳೆಯುವ ಗಾಡಿಯಾದರೆ ಮುಂದಿನ ಚಕ್ರ ಎತ್ತಿಯೇ ಒಯ್ಯಲಿ, ಇಲ್ಲವೇ ಫ್ಲ್ಯಾಟ್‌ಬೆಡ್.

ಸೀಲು, ಕೇಬಲ್ ಎಲ್ಲ ಸರಿಯಿದ್ದೂ ಪ್ಲೇಟ್ ಬೇಗ ಮುಗಿದರೆ ಓಡಿಸುವ ರೀತಿ ನೋಡಿಕೊಳ್ಳಬೇಕು. ಬೆಂಗಳೂರಿನ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಹಾಫ್ ಕ್ಲಚ್ಚಿನಲ್ಲಿ ತೆವಳುವುದಕ್ಕಿಂತ ಮುಂದೆ ಎರಡು ಗಾಡಿಯಷ್ಟು ಜಾಗ ಬಿಟ್ಟು, ನ್ಯೂಟ್ರಲ್‌ನಲ್ಲಿ ಕಾದು, ಒಮ್ಮೆಗೆ ಸಾಗುವುದು ಮೇಲು. ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ರ‍್ಯಾಂಪನ್ನು ರಿವರ್ಸ್‌ನಲ್ಲಿ ಹತ್ತಿಸುವುದನ್ನಂತೂ ಬಿಟ್ಟೇಬಿಡಿ, ಕೆಳಗೇ ತಿರುಗಿಸಿಕೊಂಡು ಮುಂದಿನ ಗೇರಿನಲ್ಲಿ ಬನ್ನಿ. ಏರಿನಲ್ಲಿ ಗಾಡಿಯನ್ನು ಕ್ಲಚ್ ಮೇಲೆ ಹಿಡಿದು ನಿಲ್ಲಿಸಬೇಡಿ: ಹ್ಯಾಂಡ್‌ಬ್ರೇಕ್ ಎಳೆದಿಟ್ಟು, ಒಂದನೇ ಗೇರಿನಲ್ಲಿ ಕ್ಲಚ್ ಹಿಡಿಯುತ್ತಿದ್ದಂತೆ ಗಾಡಿಯ ಮೂತಿ ತುಸು ಏಳುತ್ತದೆ, ಆಗ ಬ್ರೇಕ್ ಬಿಡಿ. ಗೇರನ್ನು ತಾನೇ ಬದಲಿಸುವ ಎಎಂಟಿ ಗಾಡಿಯಲ್ಲಿ ಕ್ಲಚ್ ಪೆಡಲ್ ಇಲ್ಲದಿದ್ದರೂ ಒಳಗಿರುವುದು ಇದೇ ಒಣ ಕ್ಲಚ್. ಏರಿನಲ್ಲಿ ಆಕ್ಸಿಲರೇಟರ್ ಒತ್ತಿ ನಿಲ್ಲಿಸಿದರೆ ಅದೂ ಸುಡುತ್ತದೆ. ಪವರ್ ಹೆಚ್ಚಲೆಂದು ಡೀಸೆಲ್ ಎಂಜಿನ್ ರೀಮ್ಯಾಪ್ (ಎಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಾವಣೆ) ಮಾಡಿಸಿದವರಿಗೆ ಇನ್ನೊಂದು ಮಾತು: ಕಂಪನಿಯ ಕ್ಲಚ್ ತಡೆಯುವ ಟಾರ್ಕಿಗೆ ಮಿತಿಯಿದೆ, ರೀಮ್ಯಾಪ್ ಅದನ್ನು ದಾಟಿದರೆ ಹೊಚ್ಚ ಹೊಸ ಸೆಟ್ಟೂ ನಾಲ್ಕನೇ ಗೇರಿನಲ್ಲಿ ಜಾರುತ್ತದೆ. ಗ್ಯಾರೇಜಿಗೆ ಗಾಡಿ ಬಿಡುವಾಗ ಆ ವಿಷಯ ಮುಚ್ಚಿಡಬೇಡಿ.