ಅಡುಗೆ ಸೆಟ್ಟಿನಿಂದ ಹುಟ್ಟಿದ ಮಳೆ ಯಂತ್ರ

ಮೈಸೂರು ರಸ್ತೆಯ ಚನ್ನಪಟ್ಟಣದಲ್ಲಿ, ಬೆಂಗಳೂರಿನಿಂದ ಸುಮಾರು 60 ಕಿ.ಮೀ. ದೂರ, ನಾಲ್ಕು ವರ್ಷದ ಮಗಳಿಗೆ ಮರದ ಅಡುಗೆ ಸೆಟ್ಟು ಕೊಂಡೆ. ಹಗುರವಾದ ಆಲೆ ಮರ. ಮರ ಲೇತ್‌ನಲ್ಲಿ (ಕಡೆಯುವ ಯಂತ್ರದಲ್ಲಿ) ತಿರುಗುತ್ತಿರುವಾಗಲೇ ಬಣ್ಣದ ಅರಗನ್ನು ಒತ್ತುತ್ತಾರೆ, ಉಜ್ಜಿದ ಬಿಸಿಗೆ ಅದು ಕರಗಿ ಮರಕ್ಕೆ ಹಿಡಿಯುತ್ತದೆ. ಅಂಚುಗಳು ನುಣುಪು, ಒಂದು ಸಿಬಿರೂ ಇಲ್ಲ.

ಮಗಳು ಅಡುಗೆ ಮಾಡಿದ್ದು ಕಡಿಮೆ. ಲಟ್ಟಣಿಗೆಯ ಎರಡೂ ತುದಿಗೆ ತಟ್ಟೆ ಇಟ್ಟು, ರಬ್ಬರ್ ಬ್ಯಾಂಡ್ ಸುತ್ತಿ, ಮಳೆ ನಿಲ್ಲಿಸುವ ಯಂತ್ರ ಕಟ್ಟಿದಳು. ‘ಅಪ್ಪಾ, ಕೊಡೆ ಬೇಡ, ಬಾ’ ಎಂದು ಬೀದಿಗೆ ಎಳೆದಳು. ಇಬ್ಬರೂ ತೊಯ್ದು ತೊಪ್ಪೆಯಾದೆವು; ಯಂತ್ರದ ಬಣ್ಣ ಒಂದಿಷ್ಟೂ ಬಿಡಲಿಲ್ಲ!

ಒಲೆಯ ಗುಬುಟು ಮಾತ್ರ ಬೇಗ ಕಳಚಿಬಂತು, ಅಂಟು ಸಾಲದು. ಬಾಯಿಗೆ ಹೋಗುವಷ್ಟು ಚಿಕ್ಕ ಚೂರು ಅದು. ಮೂರು ತುಂಬದ ಮಕ್ಕಳಿಗೆ ಈ ಸೆಟ್ಟು ಬೇಡ. ಬೆಲೆ ಪ್ಲಾಸ್ಟಿಕ್ಕಿಗಿಂತ ಹೆಚ್ಚು, ಆದರೂ ಧಾರಾಳವಾಗಿ ಕೊಳ್ಳಿ.