ಜಿಎಲ್‌ಪಿಐ ಜೊತೆ ಎರಡೂವರೆ ವರ್ಷ: ಪಟ್ಟಿಯಿಂದ ಕಾಣೆಯಾದ ಕಂಪ್ಯೂಟರ್‌ಗಳು ಸಿಕ್ಕಿದ್ದು ಹೇಗೆ

ನಾನು ಕೆಲಸ ಮಾಡುವುದು ಒಂದು ಕಾಫಿ ಕಂಪನಿಯಲ್ಲಿ. ಮುಖ್ಯ ಕಚೇರಿ ಮತ್ತು ಕ್ಯೂರಿಂಗ್ ವರ್ಕ್ಸ್ (ಕಾಫಿ ಬೀಜ ಹದಮಾಡುವ ಕಾರ್ಖಾನೆ) ಹಾಸನದಲ್ಲಿ. ಸಕಲೇಶಪುರ, ಬೇಲೂರು, ಮೂಡಿಗೆರೆ, ಚಿಕ್ಕಮಗಳೂರಿನಲ್ಲಿ ಖರೀದಿ ಕಚೇರಿಗಳು, ಆಲೂರಿನಲ್ಲಿ ಒಂದು ಸಣ್ಣ ಗೋದಾಮು. ಎಲ್ಲ ಸೇರಿ 160ರ ಆಸುಪಾಸು ಕಂಪ್ಯೂಟರ್, 20ಕ್ಕೂ ಜಾಸ್ತಿ ಪ್ರಿಂಟರ್. ನೋಡಿಕೊಳ್ಳುವವರು ನಾವಿಬ್ಬರೇ. ಯಾವ ಯಂತ್ರ ಯಾವ ಊರಿನಲ್ಲಿದೆ, ಅದರಲ್ಲಿ ವಿಂಡೋಸ್ ಯಾವುದು, ರ‍್ಯಾಮ್ ಎಷ್ಟು, ಆಂಟಿವೈರಸ್ ಇದೆಯೋ ಇಲ್ಲವೋ, ಇಷ್ಟು ಕೂತಲ್ಲೇ ಗೊತ್ತಾಗದಿದ್ದರೆ ದಿನವೆಲ್ಲ ಬಸ್ಸಿನಲ್ಲೇ ಕಳೆದುಹೋಗುತ್ತದೆ.

ಈ ಲೆಕ್ಕ ಇಡಲು ಈಗ ನಾವು ಬಳಸುವ ಸಾಫ್ಟ್‌ವೇರ್ ಜಿಎಲ್‌ಪಿಐ. ಅದಕ್ಕೆ ಬರುವ ಮೊದಲು ನಮ್ಮಲ್ಲಿ ದುಡ್ಡು ಕೊಟ್ಟು ತಂದ ಬೇರೆ ಸಾಫ್ಟ್‌ವೇರ್ ಇತ್ತು. ಹೆಸರು ಬೇಡ. ದಿನಾ ಬೆಳಿಗ್ಗೆ 11ಕ್ಕೆ ಹಾಸನದ ಸರ್ವರ್ ಪ್ರತಿ ಕಂಪ್ಯೂಟರ್‌ನ ಬಾಗಿಲು ತಟ್ಟಿ ವಿವರ ಕೇಳಬೇಕು. ಅದಕ್ಕೆ ಡಬ್ಲ್ಯುಎಂಐ, ಅಂದರೆ ಕಂಪ್ಯೂಟರ್‌ನ ವಿವರ ದೂರದಿಂದ ಕೇಳಲು ವಿಂಡೋಸ್‌ನಲ್ಲೇ ಇರುವ ವ್ಯವಸ್ಥೆ, ಬಳಸುತ್ತಿತ್ತು. ಹಾಸನದ ಕಚೇರಿಯೊಳಗೆ ಚೆನ್ನಾಗಿಯೇ ನಡೆಯುತ್ತಿತ್ತು. ಘಟ್ಟದ ಕಡೆ ಹೋದಷ್ಟೂ ಪಟ್ಟಿಯಲ್ಲಿ ಕೆಂಪು ಸಾಲು, ಅಂದರೆ ಉತ್ತರ ಕೊಡದ ಯಂತ್ರ, ಜಾಸ್ತಿ. ಮಳೆಗಾಲದಲ್ಲಂತೂ ಕರೆಂಟ್ ಹೋಗಿ ಬಂದು, ಲೈನ್ ಬಿದ್ದು ಎದ್ದು, ಸಕಲೇಶಪುರದ ಅರ್ಧ ಯಂತ್ರಗಳಿಂದ ವಾರಗಟ್ಟಲೆ ಉತ್ತರವೇ ಇರುತ್ತಿರಲಿಲ್ಲ.

ಆಗ ದಿನಾ ಕಾಣುತ್ತಿದ್ದದ್ದು ಎರಡು ಸಂದೇಶ. ಒಂದು 1722, ಅಂದರೆ ಆ ಕಡೆಯ ಯಂತ್ರದಲ್ಲಿ ಇಂಥ ಕರೆಗೆ ಉತ್ತರಿಸುವ ಆರ್‌ಪಿಸಿ ಸರ್ವರ್ ಸಿಗುತ್ತಿಲ್ಲ. ಇನ್ನೊಂದು 80070005, ಅಂದರೆ ಒಳಗೆ ಬರಲು ಅನುಮತಿ ಇಲ್ಲ. ಎರಡಕ್ಕೂ ಒಂದೇ ಮದ್ದು ಅಂದುಕೊಂಡು ನಾನು ಬಹಳ ದಿನ ಕಳೆದಿದ್ದೇನೆ. ನೀವು ಹಾಗೆ ಮಾಡಬೇಡಿ. 1722 ಬಂದರೆ ದಾರಿಯೇ ಸರಿ ಇಲ್ಲ. ಯಂತ್ರ ಆಫ್ ಆಗಿರುತ್ತದೆ, ಇಲ್ಲವೇ ಡಿಎನ್‌ಎಸ್‌ನಲ್ಲಿ (ಯಂತ್ರದ ಹೆಸರಿನಿಂದ ವಿಳಾಸ ಹುಡುಕುವ ಪಟ್ಟಿ) ಆ ಹೆಸರಿಗೆ ಹಳೆ ಐಪಿ ವಿಳಾಸ ಉಳಿದಿರುತ್ತದೆ, ಇಲ್ಲವೇ ಫೈರ್‌ವಾಲ್ ತಡೆದಿರುತ್ತದೆ. 80070005 ಬಂದರೆ ದಾರಿ ಸರಿ ಇದೆ, ಬಾಗಿಲವರೆಗೆ ಹೋಗಿದ್ದೀರಿ, ಒಳಗೆ ಬಿಡುತ್ತಿಲ್ಲ ಅಷ್ಟೇ. ಆಗ ಕೇಬಲ್ ಎಳೆದು ನೋಡಿ ಪ್ರಯೋಜನವಿಲ್ಲ, ಖಾತೆ ನೋಡಬೇಕು. ಡೊಮೇನ್‌ಗೆ (ಎಲ್ಲ ಖಾತೆಗಳನ್ನು ಒಂದೇ ಸರ್ವರ್ ನೋಡಿಕೊಳ್ಳುವ ವ್ಯವಸ್ಥೆ) ಸೇರದ ಯಂತ್ರದಲ್ಲಿ ಲೋಕಲ್ ಅಡ್ಮಿನ್ ಖಾತೆಯ ಪಾಸ್‌ವರ್ಡ್ ಸರಿಯಾಗಿದ್ದರೂ, ದೂರದಿಂದ ಬಂದಾಗ ವಿಂಡೋಸ್ ಆ ಖಾತೆಯ ಅಧಿಕಾರ ಕಡಿಮೆ ಮಾಡಿಬಿಡುತ್ತದೆ. ಪಾಸ್‌ವರ್ಡ್ ಹತ್ತು ಸಲ ಬದಲಾಯಿಸಿದರೂ ಅದೇ ಉತ್ತರ.

ಫೈರ್‌ವಾಲ್‌ನಲ್ಲಿ 135ನೇ ಪೋರ್ಟ್ (ನೆಟ್‌ವರ್ಕ್ ಮಾತುಕತೆಗೆ ಇರುವ ನಂಬರಿನ ಬಾಗಿಲು) ತೆರೆದರೆ ಸಾಕು ಅಂತ ತುಂಬಾ ಜನ ಹೇಳುತ್ತಾರೆ. ಸಾಲದು. ಮಾತು ಶುರುವಾಗುವುದು 135ರಲ್ಲಿ, ಆಮೇಲೆ ಅದು 49152ರಿಂದ 65535ರ ನಡುವಿನ ಯಾವುದೋ ಪೋರ್ಟ್‌ಗೆ ಹೋಗುತ್ತದೆ. ಶಾಖೆಗಳ ನಡುವೆ ಅಷ್ಟನ್ನೂ ತೆರೆದಿಡುವುದು ನನಗೆ ಯಾವತ್ತೂ ಸರಿ ಅನ್ನಿಸಲಿಲ್ಲ. ಮೂಡಿಗೆರೆಯಲ್ಲಿ ಒಮ್ಮೆ ರೂಟರ್ ಬದಲಾಯಿಸಿದ ಮರುದಿನವೇ ಐದು ಯಂತ್ರ ಒಟ್ಟಿಗೆ ಕಾಣೆಯಾದವು. ಹೊಸ ರೂಟರ್ ಕಂಡು ವಿಂಡೋಸ್ ಅದನ್ನು ಪಬ್ಲಿಕ್ ನೆಟ್‌ವರ್ಕ್ ಅಂತ ಗುರುತಿಸಿ ಬಾಗಿಲು ಹಾಕಿಕೊಂಡಿತ್ತು. ಪ್ರೈವೇಟ್ ಅಂತ ಬದಲಾಯಿಸಿದ ಕೂಡಲೇ ಐದೂ ಬಂದವು. ಅದಕ್ಕೆ ನಮಗೆ ಒಂದೂವರೆ ದಿನ ಹಿಡಿಯಿತು.

ಕೊನೆಗೆ 2023ರ ಮಾರ್ಚ್ ಬಂತು. ಡಬ್ಲ್ಯುಎಂಐ ದೂರದಿಂದ ಮಾತಾಡುವುದು ಡಿಕಾಮ್ ಅನ್ನುವ ವಿಂಡೋಸ್ ಭಾಗದ ಮೂಲಕ. ಅದರಲ್ಲಿದ್ದ ಒಂದು ಭದ್ರತಾ ದೋಷ ಮುಚ್ಚಲು ಮೈಕ್ರೋಸಾಫ್ಟ್ 2021ರಲ್ಲೇ ತಿದ್ದುಪಡಿ ಶುರು ಮಾಡಿತ್ತು. 2022ರ ಜೂನ್‌ನಲ್ಲಿ ಅದು ತಾನಾಗಿ ಆನ್ ಆಯಿತು, ಬೇಕಾದವರು ಆಫ್ ಮಾಡಿಕೊಳ್ಳಬಹುದಿತ್ತು. 2023ರ ಮಾರ್ಚ್ 14ರ ಅಪ್‌ಡೇಟ್ ನಂತರ ಆ ಅವಕಾಶವೂ ಹೋಯಿತು. ಸರಿಯಾದ ಕ್ರಮವೇ. ಆದರೆ ನಮ್ಮಲ್ಲಿದ್ದ ಹಳೆ ಆವೃತ್ತಿಗೆ ಹೊಸ ರೀತಿಯಲ್ಲಿ ಮಾತಾಡಲು ಬರುತ್ತಿರಲಿಲ್ಲ. ಅಪ್‌ಡೇಟ್ ಆದ ಯಂತ್ರಗಳೆಲ್ಲ ಒಂದೊಂದಾಗಿ ಕೆಂಪಾದವು. ಆ ಯಂತ್ರಗಳ ಈವೆಂಟ್ ಲಾಗ್‌ನಲ್ಲಿ (ವಿಂಡೋಸ್ ಬರೆದಿಡುವ ದಾಖಲೆ) ಡಿಕಾಮ್ ಕರೆ ತಿರಸ್ಕರಿಸಿದ್ದನ್ನು ಹೇಳುವ 10036 ಅನ್ನುವ ಸಂಖ್ಯೆ ಸಾಲುಗಟ್ಟಿತ್ತು. ಹೊಸ ಆವೃತ್ತಿಗೆ ಕೇಳಿದ ದುಡ್ಡು ನಮ್ಮ ಆಡಳಿತದವರಿಗೆ ಒಪ್ಪಿಗೆಯಾಗಲಿಲ್ಲ.

ಹಾಗೆ ಆ ವರ್ಷದ ಏಪ್ರಿಲ್‌ನಲ್ಲಿ, ಖರೀದಿ ಸೀಸನ್ ಮುಗಿದ ಮೇಲೆ, ಜಿಎಲ್‌ಪಿಐ ಹಾಕಿದೆವು. ಇದು 2003ರಲ್ಲಿ ಫ್ರಾನ್ಸ್‌ನಲ್ಲಿ ಶುರುವಾದ ಮುಕ್ತ ತಂತ್ರಾಂಶ. ನಿಮ್ಮದೇ ಸರ್ವರ್‌ನಲ್ಲಿ ಹಾಕಿಕೊಂಡರೆ ಲೈಸೆನ್ಸ್‌ಗೆ ಅಂತ ದುಡ್ಡಿಲ್ಲ. 2022ರಲ್ಲಿ ಬಂದ 10ನೇ ಆವೃತ್ತಿಯಿಂದ ಇನ್ವೆಂಟರಿ, ಅಂದರೆ ಯಂತ್ರಗಳ ವಿವರ ತಾನಾಗಿ ಕಲೆಹಾಕುವ ಕೆಲಸ, ಅದರೊಳಗೇ ಇದೆ, ಬೇರೆ ಪ್ಲಗಿನ್ (ಜೊತೆಗೆ ಸೇರಿಸುವ ಭಾಗ) ಬೇಕಿಲ್ಲ. ಮೂಲೆಯಲ್ಲಿದ್ದ 8 ಜಿಬಿ ರ‍್ಯಾಮ್‌ನ ಒಂದು ಹಳೆ ಸರ್ವರ್‌ಗೆ ಲಿನಕ್ಸ್ ಹಾಕಿ ಅದರ ಮೇಲೆ ಕೂರಿಸಿದೆವು. ಇವತ್ತಿಗೂ ಅದೇ ನಡೆಯುತ್ತಿದೆ.

ನನಗೆ ಇದರಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಕೆಲಸದ ದಿಕ್ಕು. ಇಲ್ಲಿ ಸರ್ವರ್ ಹೋಗಿ ಬಾಗಿಲು ತಟ್ಟಬೇಕಾಗಿಲ್ಲ. ಪ್ರತಿ ಕಂಪ್ಯೂಟರ್‌ನಲ್ಲಿ ಏಜೆಂಟ್ ಅನ್ನುವ ಸಣ್ಣ ಪ್ರೋಗ್ರಾಂ ಕೂತಿರುತ್ತದೆ. ತನ್ನ ವಿವರ ತಾನೇ ಬರೆದುಕೊಂಡು, ಸುಮಾರು ದಿನಕ್ಕೊಮ್ಮೆ ಸರ್ವರ್‌ಗೆ ಕಳಿಸುತ್ತದೆ. ಶಾಖೆಯ ಕಡೆಯಿಂದ ಹೊರಗೆ ಹೋಗಲು ಒಂದು 443 ಪೋರ್ಟ್ ಇದ್ದರೆ ಸಾಕು. ಬೆಳಿಗ್ಗೆ 11ಕ್ಕೆ ಸಕಲೇಶಪುರದಲ್ಲಿ ಲೈನ್ ಇಲ್ಲವೇ? ಚಿಂತೆಯಿಲ್ಲ. ಮಧ್ಯಾಹ್ನ ಬಂದಾಗ ಕಳಿಸುತ್ತದೆ. ಮಲೆನಾಡಿನ ಕರೆಂಟಿಗೂ ಲೈನಿಗೂ ಹೊಂದುವುದು ಈ ರೀತಿಯೇ. ಮೊದಲ ತಿಂಗಳಲ್ಲೇ 160ರಲ್ಲಿ 140ಕ್ಕೂ ಜಾಸ್ತಿ ಯಂತ್ರಗಳು ತಾವಾಗಿ ಬಂದು ಹೆಸರು ಬರೆಸಿದವು.

ಉಳಿದವನ್ನು ಹುಡುಕಲು ನಾನು ನೆಚ್ಚಿಕೊಂಡದ್ದು ಒಂದೇ ಕಾಲಂ: ಕೊನೆಯ ಇನ್ವೆಂಟರಿ ದಿನಾಂಕ. 15 ದಿನದಿಂದ ಮಾತಾಡದ ಯಂತ್ರಗಳ ಒಂದು ಹುಡುಕಾಟ ಸೇವ್ ಮಾಡಿಟ್ಟಿದ್ದೇನೆ. ಪ್ರತಿ ಸೋಮವಾರ ಮೊದಲು ನೋಡುವುದೇ ಅದು. ಯಂತ್ರ ಕೆಟ್ಟಿದೆಯೇ ಅಂತ ಕೇಳುವ ಬದಲು ಇದು ಕೊನೆಗೆ ಯಾವತ್ತು ಮಾತಾಡಿತು, ಅವತ್ತಿನಿಂದ ಏನು ಬದಲಾಯಿತು ಅಂತ ಕೇಳಿದರೆ ಉತ್ತರ ಬೇಗ ಸಿಗುತ್ತದೆ.

ಬೇಲೂರಿನ ವೇಬ್ರಿಡ್ಜ್ (ಗಾಡಿ ಸಮೇತ ತೂಗುವ ಜಾಗ) ಕಂಪ್ಯೂಟರ್ ಇದಕ್ಕೆ ಒಳ್ಳೆ ಉದಾಹರಣೆ. 2023ರ ಜುಲೈವರೆಗೆ ಸರಿಯಾಗಿ ಬರುತ್ತಿತ್ತು. ಆಮೇಲೆ ಸದ್ದಿಲ್ಲ. ಪಿಂಗ್ ಮಾಡಿದರೆ, ಅಂದರೆ ನೆಟ್‌ವರ್ಕ್‌ನಲ್ಲಿ ಇದ್ದೀಯಾ ಅಂತ ಕೇಳಿದರೆ, ಉತ್ತರ ಬರುತ್ತದೆ. ಅದರ ಪಕ್ಕದ ಯಂತ್ರ ದಿನಾ ವಿವರ ಕಳಿಸುತ್ತಿದೆ, ಹಾಗಾಗಿ ಲೈನ್‌ದು ತಪ್ಪಲ್ಲ. ಏಜೆಂಟ್ ತೆಗೆದು ಮತ್ತೆ ಹಾಕಿದೆ. ಆಗಲಿಲ್ಲ. ಕೊನೆಗೆ ಹಾಸನದಿಂದ ಬಸ್ ಹತ್ತಿ ಹೋದೆ, 40 ಕಿ.ಮೀ. ಹತ್ತಿರ. ಕೂತು ಬ್ರೌಸರ್‌ನಲ್ಲಿ 127.0.0.1:62354 ಅಂತ ಹೊಡೆದೆ. ಏಜೆಂಟ್ ಜೀವಂತ ಇದ್ದರೆ ಆ ವಿಳಾಸದಲ್ಲಿ ಒಂದು ಪುಟ ತೆರೆಯುತ್ತದೆ, ಈಗಲೇ ಇನ್ವೆಂಟರಿ ಕಳಿಸು ಅನ್ನುವ ಕೊಂಡಿ ಅದರಲ್ಲಿರುತ್ತದೆ. ಪುಟ ತೆರೆಯಿತು. ಕೊಂಡಿ ಒತ್ತಿದೆ. ಲಾಗ್‌ನಲ್ಲಿ ಸರ್ವರ್‌ನ ಪ್ರಮಾಣಪತ್ರ (ಸರ್ವರ್ ನಮ್ಮದೇ ಅಂತ ತೋರಿಸುವ ಡಿಜಿಟಲ್ ಗುರುತು) ಒಪ್ಪುವುದಿಲ್ಲ ಅಂತ ಬಂತು. ಅದೇ ಪ್ರಮಾಣಪತ್ರವನ್ನು ಬೇರೆ ಎಲ್ಲ ಯಂತ್ರ ಒಪ್ಪುತ್ತಿದೆ, ಇದಕ್ಕೇನಾಯಿತು? ಆ ಲಾಗ್ ಸಾಲಿನ ಎಡಬದಿಯ ತಾರೀಕು ಕಣ್ಣಿಗೆ ಬಿದ್ದದ್ದು ಆಗ. 2015ರ ಜನವರಿ 1.

ಅಲ್ಲಿ ತೂಕ ಹಾಕುವವರು ನನಗಿಂತ ತುಂಬಾ ಹಿರಿಯರು. 'ಯಾಕಣ್ಣ, ತಾರೀಕು ತಪ್ಪು ತೋರಿಸ್ತಿದೆಯಲ್ಲ?' ಅಂದೆ.

'ಅದು ಹಂಗೇ ಸಾರ್. ಕರೆಂಟ್ ಹೋದಾಗಲೆಲ್ಲ ಹಳೇ ತಾರೀಕಿಗೆ ಹೋಗ್ಬಿಡುತ್ತೆ. ತೂಕ ಸರಿ ಬರ್ತಿದೆಯಲ್ಲ, ಚೀಟಿ ಮೇಲೆ ತಾರೀಕು ನಾನು ಕೈಯಲ್ಲೇ ಬರೀತೀನಿ' ಅಂದರು.

ಮದರ್‌ಬೋರ್ಡ್‌ನ ಸೆಲ್ ಸತ್ತಿತ್ತು. ಸಿಆರ್2032 ಅನ್ನುವ ಬಿಲ್ಲೆಯಂಥ ಸೆಲ್, ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಅದು ಸತ್ತ ಮೇಲೆ ಕರೆಂಟ್ ಹೋದಾಗಲೆಲ್ಲ ಗಡಿಯಾರ ಮೊದಲಿಗೆ ಹೋಗುತ್ತದೆ. ನಮ್ಮ ಪ್ರಮಾಣಪತ್ರ ಮಾಡಿದ್ದು 2023ರಲ್ಲಿ. 2015ರಲ್ಲಿ ನಿಂತ ಯಂತ್ರದ ಲೆಕ್ಕದಲ್ಲಿ ಅದು ಇನ್ನೂ ಚಾಲ್ತಿಗೇ ಬಂದಿಲ್ಲ. ಇಂಟರ್ನೆಟ್ ಇದ್ದರೆ ವಿಂಡೋಸ್ ತಾನೇ ಗಡಿಯಾರ ತಿದ್ದಿಕೊಳ್ಳಬೇಕಲ್ವಾ ಅಂತ ನನಗೂ ಅನ್ನಿಸಿತ್ತು. ಡೊಮೇನ್‌ನಲ್ಲಿಲ್ಲದ ಯಂತ್ರದಲ್ಲಿ ವ್ಯತ್ಯಾಸ 15 ಗಂಟೆಗಿಂತ ಜಾಸ್ತಿಯಿದ್ದರೆ ಅದು ತಿದ್ದುವುದಿಲ್ಲ, ಮೂಲ ಸೆಟ್ಟಿಂಗ್ ಹಾಗಿದೆ. ಸೆಲ್ ಬದಲಾಯಿಸಿ, ತಾರೀಕು ಸರಿ ಮಾಡಿ, ಕೊಂಡಿ ಒತ್ತಿದೆ. ಹಾಸನಕ್ಕೆ ಫೋನ್ ಮಾಡಿದರೆ 'ಬಂತು' ಅಂದರು. ಈಗ ಪ್ರತಿ ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮುಂಚೆ, ಐದು ವರ್ಷ ದಾಟಿದ ಎಲ್ಲ ಯಂತ್ರಗಳ ಸೆಲ್ ಬದಲಾಯಿಸುತ್ತೇವೆ.

ಇನ್ನೊಂದು ತೊಂದರೆ ನಮ್ಮನ್ನು ಹಳೆ ಸಾಫ್ಟ್‌ವೇರ್ ಕಾಲದಿಂದಲೂ ಕಾಡಿತ್ತು. ಸಕಲೇಶಪುರದಲ್ಲಿ ಅಕೌಂಟ್ಸ್‌ಗೆ ಒಂದು, ಸ್ಟೋರ್ಸ್‌ಗೆ ಒಂದು, ಎರಡು ಅಸೆಂಬಲ್ಡ್ ಕಂಪ್ಯೂಟರ್ ಇದ್ದವು. ಪಟ್ಟಿಯಲ್ಲಿ ಮಾತ್ರ ಒಂದೇ ಸಾಲು. ಬೆಳಿಗ್ಗೆ ನೋಡಿದರೆ ಅಕೌಂಟ್ಸ್ ಹೆಸರು, ಸಂಜೆ ನೋಡಿದರೆ ಅದೇ ಸಾಲಿಗೆ ಸ್ಟೋರ್ಸ್ ಹೆಸರು. ಆಡಿಟ್‌ನವರು ಒಂದು ಕಂಪ್ಯೂಟರ್ ಎಲ್ಲಿ ಹೋಯಿತು ಅಂತ ಕೇಳಿದಾಗ ಬಿಲ್ ತೋರಿಸಬೇಕಾಗಿ ಬಂತು. ಕಾರಣ ಇಷ್ಟು: ದೊಡ್ಡ ಕಂಪನಿಯ ಕಂಪ್ಯೂಟರ್‌ನಲ್ಲಿ ಪ್ರತಿಯೊಂದಕ್ಕೂ ಬೇರೆ ಸೀರಿಯಲ್ ನಂಬರ್, ಬೇರೆ ಯುಯುಐಡಿ (ಬೋರ್ಡ್‌ನೊಳಗೆ ಬರೆದಿಡುವ ಗುರುತು ಸಂಖ್ಯೆ) ಬರೆದು ಕಳಿಸುತ್ತಾರೆ. ಕಡಿಮೆ ಬೆಲೆಯ ಕೆಲವು ಬೋರ್ಡ್‌ಗಳಲ್ಲಿ ಅದನ್ನು ಬರೆಯುವುದೇ ಇಲ್ಲ. ಎರಡರಲ್ಲೂ ಯುಯುಐಡಿ 03000200-0400-0500-0006-000700080009 ಅಂತಲೇ ಇತ್ತು. ಕ್ರಮವಾಗಿ ಜೋಡಿಸಿದ ಅಂಕಿ ನೋಡಿದರೇ ಗೊತ್ತಾಗುತ್ತದೆ, ಇದು ಸುಮ್ನೆ ತುಂಬಿದ ಸಂಖ್ಯೆ. ಹಳೆ ಸಾಫ್ಟ್‌ವೇರ್ ಅದನ್ನು ನಂಬಿ ಎರಡನ್ನೂ ಒಂದೇ ಅಂದುಕೊಂಡಿತ್ತು.

ಜಿಎಲ್‌ಪಿಐನಲ್ಲಿ ಇಂಥದ್ದಕ್ಕೆ ಬ್ಲಾಕ್‌ಲಿಸ್ಟ್ ಅಂತ ಒಂದು ಜಾಗವಿದೆ. ಈ ಸೀರಿಯಲ್ ನಂಬರ್, ಈ ಯುಯುಐಡಿ, ಈ ಮ್ಯಾಕ್ ವಿಳಾಸ (ನೆಟ್‌ವರ್ಕ್ ಕಾರ್ಡ್‌ನ ಸಂಖ್ಯೆ) ಗುರುತಿಗೆ ಬಳಸಬೇಡ ಅಂತ ಅಲ್ಲಿ ಬರೆದಿಡಬಹುದು. ನಾವು ಅಲ್ಲಿ ಒಂದು ಯುಎಸ್‌ಬಿ ಲ್ಯಾನ್ ಅಡಾಪ್ಟರ್‌ನ ಮ್ಯಾಕ್ ವಿಳಾಸವನ್ನೂ ಸೇರಿಸಿದ್ದೇವೆ. ಚಿಕ್ಕಮಗಳೂರು ಕಚೇರಿಯಲ್ಲಿ ಮೂವರು ಒಂದೇ ಅಡಾಪ್ಟರ್ ಬದಲಾಯಿಸಿಕೊಂಡು ಬಳಸುತ್ತಾರೆ. ಯಾವ ಗುರುತು ನೋಡಿ ಯಂತ್ರ ಹಳೆಯದೋ ಹೊಸದೋ ತೀರ್ಮಾನಿಸಬೇಕು ಅನ್ನುವ ನಿಯಮಗಳನ್ನೂ ನಾವೇ ತಿದ್ದಬಹುದು. ಅಸೆಂಬಲ್ಡ್ ಕಂಪ್ಯೂಟರ್ ಜಾಸ್ತಿ ಇರುವ ನಮ್ಮ ಕಡೆಯ ಕಚೇರಿಗಳಿಗೆ ಈ ಒಂದು ಸೌಲಭ್ಯ ಸಾಕು, ನಾನು ಇದನ್ನೇ ಆರಿಸುತ್ತೇನೆ.

ಏಜೆಂಟ್ ವಿಷಯದಲ್ಲಿ ನಾನೇ ಮಾಡಿದ ಒಂದು ತಪ್ಪು ಹೇಳಬೇಕು. ಹೊಸದಾಗಿ ಬಂದ 11 ಕಂಪ್ಯೂಟರ್‌ಗಳಿಗೆ ಒಂದನ್ನು ತಯಾರು ಮಾಡಿ ಉಳಿದವಕ್ಕೆ ಅದೇ ಡಿಸ್ಕ್ ಕ್ಲೋನ್, ಅಂದರೆ ಇದ್ದಂತೆಯೇ ನಕಲು, ಮಾಡಿದೆ. ಏಜೆಂಟ್ ಮೊದಲೇ ಹಾಕಿಬಿಟ್ಟಿದ್ದೆ. ಏಜೆಂಟ್ ಮೊದಲ ಸಲ ಓಡಿದಾಗ ಯಂತ್ರದ ಹೆಸರು ಮತ್ತು ಆ ಹೊತ್ತು ಸೇರಿಸಿ ತನಗೊಂದು ಗುರುತು ಮಾಡಿಕೊಳ್ಳುತ್ತದೆ. ಕ್ಲೋನ್ ಆದಾಗ ಆ ಗುರುತೂ ಹನ್ನೊಂದಕ್ಕೆ ಹೋಯಿತು. ಏಜೆಂಟ್‌ಗಳ ಪಟ್ಟಿಯಲ್ಲಿ ಒಂದೇ ಹೆಸರು, ಅದು ಇವತ್ತು ಒಂದು ಯಂತ್ರಕ್ಕೆ, ನಾಳೆ ಇನ್ನೊಂದಕ್ಕೆ ಅಂಟಿಕೊಳ್ಳುತ್ತಿತ್ತು. ಉಳಿಸಿಟ್ಟ ಗುರುತಿನ ಕಡತ ಅಳಿಸಿ ಏಜೆಂಟ್ ಮತ್ತೆ ಶುರು ಮಾಡಿದ ಮೇಲೆ ಸರಿಯಾಯಿತು. ಕ್ಲೋನ್ ಮಾಡುವುದಿದ್ದರೆ ಏಜೆಂಟ್ ಕೊನೆಗೆ ಹಾಕಿ.

ಪ್ರಿಂಟರ್‌ಗಳು ಎಸ್‌ಎನ್‌ಎಂಪಿ (ನೆಟ್‌ವರ್ಕ್ ಸಾಧನಗಳ ಸ್ಥಿತಿ ಕೇಳುವ ವಿಧಾನ) ಮೂಲಕ ಪಟ್ಟಿಗೆ ಬರುತ್ತವೆ. ಪುಟಗಳ ಲೆಕ್ಕ, ಟೋನರ್ ಎಷ್ಟಿದೆ ಎಲ್ಲ ಕಾಣುತ್ತದೆ. ಬಾರದಿದ್ದರೆ 161ನೇ ಯುಡಿಪಿ ಪೋರ್ಟ್ ಮತ್ತು ಕಮ್ಯೂನಿಟಿ ಹೆಸರು (ಎಸ್‌ಎನ್‌ಎಂಪಿಯ ಪಾಸ್‌ವರ್ಡ್ ಇದ್ದಂತೆ) ನೋಡಿ, ತೊಂದರೆ ಸಾಮಾನ್ಯವಾಗಿ ಇವೆರಡರಲ್ಲೇ ಇರುತ್ತದೆ.

ಹೊಸದಾಗಿ ಹಾಕುವವರು ಗಮನಿಸಬೇಕಾದ್ದು ಕೆಲವಿದೆ. 10ನೇ ಆವೃತ್ತಿಯಲ್ಲಿ ಇನ್ವೆಂಟರಿ ಮೊದಲಿಗೆ ಆಫ್ ಆಗಿರುತ್ತದೆ. ಆಡಳಿತ ವಿಭಾಗದಲ್ಲಿ ಹೋಗಿ ಆನ್ ಮಾಡದಿದ್ದರೆ ಏಜೆಂಟ್ ಎಷ್ಟು ಕಳಿಸಿದರೂ ಸರ್ವರ್ ತೆಗೆದುಕೊಳ್ಳುವುದಿಲ್ಲ. ಏಜೆಂಟ್ ಹಾಕಿದ ತಕ್ಷಣ ಯಂತ್ರ ಕಾಣದಿದ್ದರೆ ಗಾಬರಿ ಬೇಡ, ಎಲ್ಲ ಒಟ್ಟಿಗೆ ಮುಗಿಬೀಳದಿರಲಿ ಅಂತ ಮೊದಲ ಸಲಕ್ಕೆ ಒಂದು ಗಂಟೆಯವರೆಗೆ ಕಾಯುವ ವ್ಯವಸ್ಥೆ ಇದೆ. ಸರ್ವರ್‌ನಲ್ಲಿ ಕ್ರಾನ್ (ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಲಿನಕ್ಸ್ ವ್ಯವಸ್ಥೆ) ಹಾಕಲೇಬೇಕು, ಇಲ್ಲದಿದ್ದರೆ ಹಿನ್ನೆಲೆಯ ಕೆಲಸಗಳು ಯಾರಾದರೂ ಪುಟ ತೆರೆದಾಗ ಮಾತ್ರ ನಡೆಯುತ್ತವೆ. ಇನ್ನು ಸರ್ವರ್ ಅನ್ನು ನೇರ ಇಂಟರ್ನೆಟ್‌ಗೆ ದಯವಿಟ್ಟು ತೆರೆಯಬೇಡಿ. 2022ರಲ್ಲಿ ಜಿಎಲ್‌ಪಿಐ ಜೊತೆಗೆ ಬರುತ್ತಿದ್ದ ಒಂದು ಲೈಬ್ರರಿಯಲ್ಲಿ ಗಂಭೀರ ದೋಷ ಸಿಕ್ಕಿ, 10.0.3ರಲ್ಲಿ ಸರಿಪಡಿಸಿದರು. ಅಪ್‌ಡೇಟ್ ಮಾಡದೆ ಬಿಟ್ಟವರು ತೊಂದರೆಗೆ ಸಿಕ್ಕಿಕೊಂಡರು. ನಮ್ಮ ಲ್ಯಾಪ್‌ಟಾಪ್‌ಗಳು ಹೊರಗಿದ್ದಾಗ ವಿಪಿಎನ್ (ಕಚೇರಿ ನೆಟ್‌ವರ್ಕ್‌ಗೆ ಸುರಕ್ಷಿತ ಖಾಸಗಿ ದಾರಿ) ಮೂಲಕವೇ ಮಾತಾಡುತ್ತವೆ. ಹಾಗಾಗಿ ತೋಟದ ಮೇಲೆ ಓಡಾಡುವ ಖರೀದಿ ಅಧಿಕಾರಿಗಳ ಯಂತ್ರಗಳು ಕೆಲವೊಮ್ಮೆ ಹತ್ತು ದಿನ ತಡವಾಗಿ ಬರುತ್ತವೆ. ಅದು ನಾವು ಒಪ್ಪಿಕೊಂಡ ತಡ.

ಲೈಸೆನ್ಸ್ ದುಡ್ಡು ಇಲ್ಲ ಅಂದ ಮಾತ್ರಕ್ಕೆ ಖರ್ಚಿಲ್ಲ ಅಂತಲ್ಲ. ಲಿನಕ್ಸ್ ಗೊತ್ತಿರುವ ಒಬ್ಬರು ಬೇಕು, ತಿಂಗಳಿಗೆ ಅರ್ಧ ದಿನ ಅಪ್‌ಡೇಟ್‌ಗೆ, ಬ್ಯಾಕಪ್‌ಗೆ ಕೊಡಬೇಕು. ಹತ್ತು ಹದಿನೈದು ಕಂಪ್ಯೂಟರ್ ಇರುವ ಕಚೇರಿಗೆ ಎಕ್ಸೆಲ್ ಶೀಟೇ ಸಾಕು. 50 ದಾಟಿದ್ದರೆ, ಅದೂ ಬೇರೆ ಬೇರೆ ಊರಿನಲ್ಲಿದ್ದರೆ, ಇದನ್ನು ಧೈರ್ಯವಾಗಿ ಹಾಕಿ. ಎಲ್ಲ ಕಡೆ ಒಟ್ಟಿಗೆ ಬೇಡ. ನಾವು ಆಲೂರಿನ ಗೋದಾಮಿನ 6 ಯಂತ್ರಗಳಿಂದ ಶುರು ಮಾಡಿ, ಎರಡು ವಾರ ದಿನಾಂಕದ ಕಾಲಂ ನೋಡಿಕೊಂಡು, ಆರೂ ಸರಿಯಾಗಿ ಬರುತ್ತಿವೆ ಅಂತ ಖಾತ್ರಿಯಾದ ಮೇಲೆ ಸಕಲೇಶಪುರಕ್ಕೆ ಹೋದೆವು.