ಓಸಿಐ ಕಾರ್ಡ್: ವೀಸಾ ಅಂತ ನೋಡಿದರೆ ಚಿನ್ನ, ಪೌರತ್ವ ಅಂತ ನಂಬಿದರೆ ಕಷ್ಟ

ಅಮೆರಿಕದ ಪಾಸ್‌ಪೋರ್ಟ್ ತೆಗೆದುಕೊಂಡ ಮೇಲೆ ಓಸಿಐ (ಓವರ್‌ಸೀಸ್ ಸಿಟಿಜನ್ ಆಫ್ ಇಂಡಿಯಾ), ಅಂದರೆ ಬೇರೆ ದೇಶದ ಪೌರರಾದ ಭಾರತ ಮೂಲದವರಿಗೆ ಭಾರತ ಸರ್ಕಾರ ಕೊಡುವ ಕಾರ್ಡ್, ಮಾಡಿಸಿದೆ. ಈಗ ವರ್ಷದಲ್ಲಿ ಜಾಸ್ತಿ ದಿನ ಮೈಸೂರಿನಲ್ಲೇ ಇರುತ್ತೇನೆ. ರಜೆಗೆ ಬಂದು ಹೋಗುವವರು ಈ ಕಾರ್ಡನ್ನು ಹೊಗಳುವುದು ನೋಡಿದ್ದೇನೆ, ಅವರು ಹೇಳುವುದು ಸರಿಯೇ. ಆದರೆ ಇಲ್ಲೇ ಬದುಕುವವರಿಗೆ ಇದು ಎಲ್ಲಿ ಕೈಕೊಡುತ್ತದೆ ಅಂತ ಯಾರೂ ಬಿಡಿಸಿ ಹೇಳುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ. ವೀಸಾ ಆಗಿ 5ಕ್ಕೆ 5. ಜೀವನಪೂರ್ತಿ ನಡೆಯುತ್ತದೆ, ಎಷ್ಟು ಸಲ ಬೇಕಾದರೂ ಬರಬಹುದು, ಹೋಗಬಹುದು. ಕೆಲಸದ ವೀಸಾದಲ್ಲಿ ಬೆಂಗಳೂರಿಗೆ ಬರುವ ಜರ್ಮನಿಯವರನ್ನೋ ಜಪಾನಿನವರನ್ನೋ ಕೇಳಿ ನೋಡಿ. 180 ದಿನಕ್ಕಿಂತ ಹೆಚ್ಚಿನ ವೀಸಾ ಇದ್ದರೆ ಬಂದ 14 ದಿನದೊಳಗೆ ವಿದೇಶಿಯರ ನೋಂದಣಿ ಕಚೇರಿಯಲ್ಲಿ (ಎಫ್‌ಆರ್‌ಆರ್‌ಒ) ಹೆಸರು ನೋಂದಾಯಿಸಬೇಕು, ಆಮೇಲೆ ವೀಸಾ ಮುಗಿಯುವ ದಿನ ಎಣಿಸುತ್ತಾ ಇರಬೇಕು. ಓಸಿಐ ಇದ್ದವರಿಗೆ ಆ ಗೋಳೇ ಇಲ್ಲ. ಬ್ಯಾಂಕು, ಮನೆ, ಸೈಟು, ಖಾಸಗಿ ಕೆಲಸ ಎಲ್ಲ ಸಲೀಸು. ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ 2025ರಿಂದ ಭಾರತೀಯರ ಜೊತೆ ಓಸಿಐ ಇದ್ದವರಿಗೂ ವೇಗದ ಇಮಿಗ್ರೇಷನ್ ಗೇಟ್ ಇದೆ. ಮೊದಲೇ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿ ಬೆರಳಚ್ಚು ಕೊಟ್ಟಿರಬೇಕು, ದುಡ್ಡೇನೂ ಇಲ್ಲ.

ಹಂಪಿಯಲ್ಲಿ ವಿಜಯ ವಿಠ್ಠಲ ದೇವಸ್ಥಾನದ ಟಿಕೆಟ್ ಕಿಟಕಿ ಹತ್ತಿರ ನಿಂತಿದ್ದೆ. ಬೋರ್ಡಿನಲ್ಲಿ ಭಾರತೀಯರಿಗೆ 40 ರೂಪಾಯಿ, ವಿದೇಶಿಯರಿಗೆ 600. ಕೈಯಲ್ಲಿದ್ದ ಅಮೆರಿಕನ್ ಪಾಸ್‌ಪೋರ್ಟ್ ನೋಡಿದ ಹುಡುಗ 600ರ ಟಿಕೆಟ್ ಹರಿಯೋಕೆ ಹೊರಟ. ಓಸಿಐ ಪುಸ್ತಕ ಮುಂದಿಟ್ಟೆ. ತಿರುಗಿಸಿ ನೋಡಿ, "ಓ, ಓಸಿಐ ಅಲ್ವಾ ಮೇಡಂ, 40 ಕೊಡಿ" ಅಂದ. ಸ್ಮಾರಕ, ರಾಷ್ಟ್ರೀಯ ಉದ್ಯಾನ, ದೇಶದೊಳಗಿನ ವಿಮಾನ ಟಿಕೆಟ್, ಇವುಗಳಲ್ಲಿ ಭಾರತೀಯರಿಗೆ ಇರುವ ದರವೇ ನಮಗೂ ಅಂತ ಕೇಂದ್ರದ ಅಧಿಸೂಚನೆಯೇ ಇದೆ.

ಆದರೆ ಅದೇ ಅಧಿಸೂಚನೆ, 2021ರ ಮಾರ್ಚ್ 4ರದ್ದು, ಮಕ್ಕಳ ಓದಿನ ವಿಷಯದಲ್ಲಿ ದೊಡ್ಡ ಪೆಟ್ಟು ಕೊಟ್ಟಿತು. ಇದನ್ನು ದಯವಿಟ್ಟು ಗಮನವಿಟ್ಟು ಓದಿ, ಯಾಕೆಂದರೆ ಅಮೆರಿಕದಲ್ಲಿ ಹುಟ್ಟಿದ ಮಕ್ಕಳನ್ನು ಕರೆದುಕೊಂಡು ಬೆಂಗಳೂರಿಗೆ ವಾಪಸ್ ಬಂದವರು ತುಂಬಾ ಜನ ಇದ್ದಾರೆ. ಒಂದನೇ ಕ್ಲಾಸಿನಿಂದ ಇಲ್ಲೇ ಓದಿ, ಕನ್ನಡ ಮಾತಾಡಿಕೊಂಡು ಬೆಳೆದ ಮಕ್ಕಳು ಅವರು. 2020ರ ಡಿಸೆಂಬರ್‌ನಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಇಂಥ ವಿದ್ಯಾರ್ಥಿಗಳ ಪರವಾಗಿಯೇ ತೀರ್ಪು ಕೊಟ್ಟಿತ್ತು. ಮೂರು ತಿಂಗಳೂ ಆಗಿರಲಿಲ್ಲ, ನೀಟ್, ಜೆಇಇ ಮೂಲಕ ಸಿಗುವ ಸೀಟುಗಳಲ್ಲಿ ಓಸಿಐ ಮಕ್ಕಳಿಗೆ ಎನ್‌ಆರ್‌ಐ (ಅನಿವಾಸಿ ಭಾರತೀಯ) ಸೀಟು ಅಥವಾ ಹೆಚ್ಚುವರಿ (ಸೂಪರ್‌ನ್ಯೂಮರರಿ) ಸೀಟು ಮಾತ್ರ, ಭಾರತೀಯರಿಗಷ್ಟೇ ಮೀಸಲಾದ ಸೀಟಿಗೆ ಅರ್ಹತೆ ಇಲ್ಲ ಅಂತ ಈ ಅಧಿಸೂಚನೆ ಬಂತು. ಮೆಡಿಕಲ್‌ನಲ್ಲಿ ಎನ್‌ಆರ್‌ಐ ಸೀಟಿನ ಫೀಸು ಎಷ್ಟು ಅಂತ ಗೊತ್ತಿದ್ದವರಿಗೆ ಇದರ ಭಾರ ಬೇರೆ ಹೇಳಬೇಕಾಗಿಲ್ಲ. ಕೊನೆಗೆ 2023ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್, 2021ರ ಮಾರ್ಚ್ 4ಕ್ಕೆ ಮೊದಲೇ ಕಾರ್ಡ್ ಪಡೆದವರಿಗೆ ಈ ನಿರ್ಬಂಧ ಅನ್ವಯಿಸುವುದಿಲ್ಲ ಅಂತ ಹೇಳಿ ಅವರನ್ನು ಕಾಪಾಡಿತು. ಆಮೇಲೆ ಕಾರ್ಡ್ ಮಾಡಿಸಿದ ಮಕ್ಕಳಿಗೆ ಆ ರಕ್ಷಣೆ ಇಲ್ಲ. ನನಗೆ ನಿಜವಾಗಿಯೂ ಬೇಸರ ತರಿಸುವುದು ಇದೇ. ಪೌರರ ಹಕ್ಕು ಸಂವಿಧಾನದಲ್ಲಿ ಕೂತಿದೆ, ನಮ್ಮದು ಅಧಿಸೂಚನೆಯಲ್ಲಿ. ಗೃಹ ಸಚಿವಾಲಯ ಒಂದು ಆದೇಶ ಹೊರಡಿಸಿದರೆ ಬದಲಾಗುತ್ತದೆ.

ಕಾನೂನಿನ ಲೆಕ್ಕ ಹೀಗಿದೆ. ಭಾರತದಲ್ಲಿ ಎರಡು ಪೌರತ್ವ ಇಲ್ಲ. 1955ರ ಪೌರತ್ವ ಕಾಯ್ದೆಯ 9ನೇ ಕಲಂ ಪ್ರಕಾರ ನಾವಾಗಿಯೇ ಬೇರೆ ದೇಶದ ಪೌರತ್ವ ತೆಗೆದುಕೊಂಡರೆ ಭಾರತದ್ದು ತಾನಾಗಿ ಹೋಗುತ್ತದೆ. ಎನ್‌ಆರ್‌ಐ ಅನ್ನುವವರು ಹೊರದೇಶದಲ್ಲಿರುವ ಭಾರತೀಯ ಪೌರರೇ, ಊರಿಗೆ ಬಂದು ವೋಟು ಹಾಕಬಹುದು. ಓಸಿಐ ಇರುವವರು ವಿದೇಶಿಯರು. ಹೆಚ್ಚಿನ ಸೌಲಭ್ಯ ಇರುವ ವಿದೇಶಿಯರು, ಅಷ್ಟೇ. ಕಾನೂನಿನ ಮುಂದೆ ಸಮಾನತೆ, ಜೀವ ಮತ್ತು ಸ್ವಾತಂತ್ರ್ಯದ ರಕ್ಷಣೆ, ಅಂದರೆ 14 ಮತ್ತು 21ನೇ ವಿಧಿ, ಈ ನೆಲದಲ್ಲಿರುವ ಎಲ್ಲರಿಗೂ ಸಿಗುತ್ತದೆ. 19ನೇ ವಿಧಿಯ ವಾಕ್ ಸ್ವಾತಂತ್ರ್ಯದಂಥ ಹಕ್ಕುಗಳು ಪೌರರಿಗೆ ಮಾತ್ರ. ವೋಟು ಇಲ್ಲ, ಚುನಾವಣೆಗೆ ನಿಲ್ಲುವ ಹಾಗಿಲ್ಲ, ಸರ್ಕಾರಿ ನೌಕರಿ ಸಾಮಾನ್ಯವಾಗಿ ಇಲ್ಲ. ಪತ್ರಿಕೋದ್ಯಮ, ಸಂಶೋಧನೆ, ಪರ್ವತಾರೋಹಣಕ್ಕೆ ವಿಶೇಷ ಅನುಮತಿ ಬೇಕು. 2025ರ ಆಗಸ್ಟ್‌ನಿಂದ ಇನ್ನೊಂದು ಸೇರಿದೆ: ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆ ಇರುವ ಅಪರಾಧದಲ್ಲಿ ಚಾರ್ಜ್‌ಶೀಟ್ ಆದರೂ ಸಾಕು, ಕಾರ್ಡ್ ರದ್ದಾಗಬಹುದು. ಶಿಕ್ಷೆ ಆಗಲೇಬೇಕು ಅಂತಿಲ್ಲ. ಇದು ಸರಿಯಲ್ಲ ಅಂತ ನನ್ನ ಅಭಿಪ್ರಾಯ. ಆರೋಪ ಸಾಬೀತಾಗುವ ಮೊದಲೇ ಒಬ್ಬರು ತಾಯಿಯ ಮನೆಗೆ ಬರುವ ದಾರಿ ಮುಚ್ಚಬಾರದು.

ಮಲೆನಾಡು, ಕೊಡಗಿನ ಕಡೆಯವರು ಜಮೀನಿನ ವಿಷಯ ತಿಳಿದುಕೊಂಡಿರಬೇಕು. ಕೃಷಿ ಭೂಮಿ, ಕಾಫಿ ತೋಟ, ಫಾರ್ಮ್‌ಹೌಸ್ ಓಸಿಐ ಇರುವವರು ಕೊಳ್ಳುವ ಹಾಗಿಲ್ಲ. ಕೃಷಿಕರಲ್ಲದವರು ಕೃಷಿ ಭೂಮಿ ಕೊಳ್ಳುವುದನ್ನು ತಡೆಯುತ್ತಿದ್ದ ಕರ್ನಾಟಕ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳು 2020ರಲ್ಲಿ ಹೋಯಿತಲ್ಲ, ಈಗ ಯಾರು ಬೇಕಾದರೂ ಕೊಳ್ಳಬಹುದು ಅಂತ ಬ್ರೋಕರ್‌ಗಳು ಹೇಳುತ್ತಾರೆ. ನಂಬಬೇಡಿ, ನಮ್ಮನ್ನು ತಡೆಯುವುದು ಕೇಂದ್ರದ ವಿದೇಶಿ ವಿನಿಮಯ ಕಾನೂನು. ಅಪ್ಪನ ಅಡಿಕೆ ತೋಟ ಪಿತ್ರಾರ್ಜಿತವಾಗಿ ಬಂದರೆ ಇಟ್ಟುಕೊಳ್ಳಬಹುದು, ಮಾರುವುದಾದರೆ ಭಾರತದಲ್ಲೇ ವಾಸಿಸುವ ಭಾರತೀಯರಿಗೆ ಮಾರಬಹುದು.

ಅಮೆರಿಕದಲ್ಲಿ ಕಾಯಂ ಆಗಿ ವಾಸಿಸಲು ಕೊಡುವ ಗ್ರೀನ್ ಕಾರ್ಡ್ ಇದ್ದ ಹಾಗೇ ಇದು ಅಂತ ಕೆಲವರು ಅಂದುಕೊಂಡಿದ್ದಾರೆ. ಅಲ್ಲ. ಗ್ರೀನ್ ಕಾರ್ಡ್ ವಲಸಿಗರಿಗೆ ಕೊಡುವುದು, ಸಾಮಾನ್ಯವಾಗಿ ಐದು ವರ್ಷ ಆದ ಮೇಲೆ ಅಲ್ಲಿನ ಪೌರತ್ವಕ್ಕೆ ಅರ್ಜಿ ಹಾಕಬಹುದು. ಆದರೆ ಅದನ್ನು ಇಟ್ಟುಕೊಂಡು ವರ್ಷಗಟ್ಟಲೆ ಊರಲ್ಲಿ ಕೂತರೆ ಅದೇ ಕೈತಪ್ಪುತ್ತದೆ. ಓಸಿಐ ಹಾಗೆ ಹೋಗುವುದಿಲ್ಲ, ಹತ್ತು ವರ್ಷ ಬರದಿದ್ದರೂ ಇರುತ್ತದೆ.

ಮಾಡಿಸುವ ಕೆಲಸಕ್ಕೆ 5ಕ್ಕೆ 3 ಕೊಡುತ್ತೇನೆ. ಅಮೆರಿಕದಲ್ಲಿ ಸರ್ಕಾರಿ ಶುಲ್ಕ 275 ಡಾಲರ್, ಭಾರತದಲ್ಲೇ ಅರ್ಜಿ ಹಾಕಿದರೆ 15,000 ರೂಪಾಯಿ. ಮೊದಲು ಭಾರತದ ಪಾಸ್‌ಪೋರ್ಟ್ ಒಪ್ಪಿಸಿ ಸರ್ಟಿಫಿಕೇಟ್ ತೆಗೆದುಕೊಳ್ಳಬೇಕು. ಸಹಿಯ ಚಿತ್ರ ಎತ್ತರದ ಮೂರರಷ್ಟು ಅಗಲ ಇರಬೇಕು, ಅದಕ್ಕೇ ಉದ್ದದ ಚೌಕ ಬರೆದುಕೊಂಡು ಅದರೊಳಗೆ ಸಹಿ ಮಾಡಿ ಸ್ಕ್ಯಾನ್ ಮಾಡಿ. ನನ್ನ ಅರ್ಜಿ ತೆಗೆದುಕೊಂಡ ಕೇಂದ್ರದವರು ಒಮ್ಮೆ ಕೇಳಿದ ದಾಖಲೆಯನ್ನೇ ಮತ್ತೆ ಕೇಳಿ ಸತಾಯಿಸಿದರು, ಎಲ್ಲದರ ಎರಡೆರಡು ಪ್ರತಿ ಇಟ್ಟುಕೊಳ್ಳಿ. ಒಂದು ಸಮಾಧಾನ ಅಂದರೆ ಪಾಸ್‌ಪೋರ್ಟ್ ಬದಲಾದಾಗಲೆಲ್ಲ ಹೊಸ ಕಾರ್ಡ್ ಬೇಕಿಲ್ಲ. 20 ತುಂಬುವ ಮೊದಲೇ ಕಾರ್ಡ್ ಮಾಡಿಸಿದವರು, 20 ತುಂಬಿದ ಮೇಲೆ ಸಿಗುವ ಮೊದಲ ಪಾಸ್‌ಪೋರ್ಟ್‌ಗೆ ಒಮ್ಮೆ ಹೊಸದು ಮಾಡಿಸಿದರೆ ಆಯಿತು. 50 ದಾಟಿದ ಮೇಲೆ ಹೊಸ ಪಾಸ್‌ಪೋರ್ಟ್ ಬಂದಾಗ ಒಮ್ಮೆ ಅದರ ಪ್ರತಿ, ಫೋಟೊ ಅಪ್‌ಲೋಡ್ ಮಾಡಬೇಕು, ಅದು ಉಚಿತ.

ಮತ್ತೆ ಭಾರತೀಯರಾಗುವ ದಾರಿಯೂ ಇದೆ. ಓಸಿಐ ಆಗಿ ಐದು ವರ್ಷ ಆಗಿರಬೇಕು, ಅರ್ಜಿಗೆ ಮೊದಲು 12 ತಿಂಗಳು ಇಲ್ಲೇ ಇರಬೇಕು, ಹೊರದೇಶದ ಪೌರತ್ವ ಬಿಡಬೇಕು. ಊರಲ್ಲೇ ಉಳಿಯುವುದು ಗಟ್ಟಿ ಆಗಿದ್ದರೆ, ಇಲ್ಲಿನ ಚುನಾವಣೆಯಲ್ಲಿ ವೋಟು ಹಾಕಬೇಕು ಅನ್ನುವ ಆಸೆ ನನ್ನ ಹಾಗೆ ನಿಮಗೂ ಇದ್ದರೆ, ಅದನ್ನು ವಕೀಲರ ಹತ್ತಿರ ಈಗಲೇ ವಿಚಾರಿಸಿ.